ಯುದ್ಧದ ಪುಸ್ತಕ ತೆಗೆದರೆ ಮೊದಲು ಕಾಳಿನ ಲೆಕ್ಕ ನೋಡಿ

ಪುಣೆಯಲ್ಲಿ ಯಾವ ಕಡೆ ತಿರುಗಿದರೂ ಸೈನ್ಯ ಕಾಣಿಸುತ್ತದೆ. ಕ್ಯಾಂಪಿನಲ್ಲಿ ಸದರ್ನ್ ಕಮಾಂಡ್, ಖಡ್ಕಿಯಲ್ಲಿ ಸೈನ್ಯಕ್ಕೆ ದಾರಿ, ಸೇತುವೆ ಮಾಡಿಕೊಡುವ ಬಾಂಬೆ ಸ್ಯಾಪರ್ಸ್, ಖಡಕ್‌ವಾಸ್ಲಾದಲ್ಲಿ ಸೇನಾಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ. ಆದರೂ ಇಲ್ಲಿನ ನಮ್ಮ ಕನ್ನಡದ ಮಂದಿಯಲ್ಲಿ ಯುದ್ಧದ ಇತಿಹಾಸ ಓದುವವರು ಕಡಿಮೆ. ನನ್ನ ಊರು ಧಾರವಾಡ. ಖಡ್ಕಿಯ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಲೆಡ್ಜರ್ ಬರೆದು ನಿವೃತ್ತಿಯಾದವಳು ನಾನು. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದಾಗ ನನ್ನ ಚೀಲದಿಂದ ಇಂಥದ್ದೊಂದು ಪುಸ್ತಕ ಇಣುಕಿದರೆ ಸಾಕು, "ಅಕ್ಕಾರ, ನಿಮಗ್ಯಾಕ್ರೀ ಈ ಬಡದಾಟದ ಪುಸ್ತಕ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

ಬಡಿದಾಟ ಪುಸ್ತಕದಲ್ಲಿ ಇರುವುದು ಸ್ವಲ್ಪವೇ. ಮಿಕ್ಕಿದ್ದೆಲ್ಲ ನಡೆದದ್ದು, ಕಾದದ್ದು, ಹಸಿದದ್ದು, ಹೊತ್ತದ್ದು. ಸಾವಿರಾರು ಜನರನ್ನು ಒಂದು ಊರಿಂದ ಇನ್ನೊಂದು ಊರಿಗೆ ಕರೆದೊಯ್ದು ದಿನಾ ಊಟ ಹಾಕುವುದು ಎಂಥ ಕೆಲಸ ಅಂತ ಇಷ್ಟು ಬಿಚ್ಚಿ ಹೇಳುವ ಪುಸ್ತಕ ಬೇರೆ ಕಡೆ ಸಿಗುವುದಿಲ್ಲ. ಇಂಡೆಂಟ್ (ಮಾಲಿನ ಬೇಡಿಕೆ ಚೀಟಿ) ಹಾಕಿದ್ದಕ್ಕೂ ಮಾಲು ಬಂದದ್ದಕ್ಕೂ ನಡುವೆ ಏನೇನು ಆಗುತ್ತದೆ ಅಂತ ನೋಡಿದವರಿಗೆ ಈ ಪುಸ್ತಕಗಳು ಬೇಗ ಹಿಡಿಸುತ್ತವೆ. ನೋಡದವರಿಗೂ ಹಿಡಿಸುವ ಹಾಗೆ ಓದುವುದು ಹೇಗೆ ಅಂತ ಹೇಳುತ್ತೇನೆ.

ಮೊದಲ ಪುಸ್ತಕಕ್ಕೆ ಸ್ಟಾಲಿನ್‌ಗ್ರಾಡ್, ನಾರ್ಮಂಡಿ ಅಂತ ಹೋಗಬೇಡಿ. ಸಿಟಿ ಬಸ್ಸು ಹೋಗುವ ಜಾಗದಲ್ಲಿ ನಡೆದ ಕಾಳಗ ಹಿಡಿಯಿರಿ. ಪುಣೆಯವರಿಗೆ ಖಡ್ಕಿ ಇದೆ. 1817ರ ನವೆಂಬರ್ 5. ಮರಾಠರ ಪೇಶ್ವೆ ಎರಡನೇ ಬಾಜಿರಾಯನ ಸೈನ್ಯ, ಬಾಪು ಗೋಖಲೆಯ ಮುಂದಾಳತ್ವ. ಎದುರಿಗೆ ಈಸ್ಟ್ ಇಂಡಿಯಾ ಕಂಪನಿಯ ಪಡೆ. ಇವತ್ತು ಯೂನಿವರ್ಸಿಟಿ ಇರುವ ಗಣೇಶಖಿಂಡ್ ಕಡೆಯಿಂದ ಪೇಶ್ವೆಯ ಕುದುರೆಗಳು ಇಳಿದು ಬಂದವು. ಪೇಶ್ವೆ ಪರ್ವತಿ ಗುಡ್ಡದ ಮೇಲಿಂದ ನೋಡುತ್ತಿದ್ದ. ಕಂಪನಿಯ ರೆಸಿಡೆಂಟ್, ಅಂದರೆ ಪೇಶ್ವೆಯ ಆಸ್ಥಾನದಲ್ಲಿದ್ದ ಅದರ ಪ್ರತಿನಿಧಿ, ಎಲ್ಫಿನ್‌ಸ್ಟನ್ ಸಂಗಮದ ಹತ್ತಿರದ ತನ್ನ ಬಂಗಲೆ ಬಿಟ್ಟು ನದಿ ದಾಟಿ ಸೈನ್ಯ ಸೇರಿಕೊಂಡ. ಅವನು ಹೋದ ಮೇಲೆ ಬಂಗಲೆಗೆ ಬೆಂಕಿ ಬಿತ್ತು, ಅವನ ಪುಸ್ತಕಗಳೂ ಸುಟ್ಟವು.

ಈ ಕಾಳಗ ಓದಲು ಗ್ರಾಂಟ್ ಡಫ್ ಬರೆದ ಮರಾಠರ ಇತಿಹಾಸವೇ ಸಾಕು. 1826ರಲ್ಲಿ ಮೂರು ಸಂಪುಟವಾಗಿ ಬಂದದ್ದು. ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮೂರೂ ಓದಬೇಕಿಲ್ಲ, ಕೊನೆಯ ಸಂಪುಟದ ಖಡ್ಕಿಯ ಪುಟಗಳನ್ನಷ್ಟೇ ತೆಗೆಯಿರಿ. ಪೇಶ್ವೆಯ ಸೈನ್ಯ ಬರುವುದನ್ನು ಅವನು ಖಂಬಾತ್ ಕೊಲ್ಲಿಯಲ್ಲಿ ಭೋರ್ಗರೆದು ಏರುವ ಉಬ್ಬರಕ್ಕೆ ಹೋಲಿಸುತ್ತಾನೆ. ಓದುತ್ತಿದ್ದರೆ ಇವನು ಕಣ್ಣಾರೆ ನೋಡಿದವನು ಅಂತ ಗೊತ್ತಾಗುತ್ತದೆ. ಹೌದು, ಅವನು ಅಲ್ಲೇ ಇದ್ದ, ಎಲ್ಫಿನ್‌ಸ್ಟನ್ ಜೊತೆಗೆ.

ಇಲ್ಲಿಂದಲೇ ನನ್ನ ಮೊದಲ ರೂಢಿ. ಯಾವ ಯುದ್ಧದ ಪುಸ್ತಕ ತೆಗೆದರೂ ಮೊದಲ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಮೂರು ವಿಷಯ ಬರೆದುಕೊಳ್ಳಿ. ಬರೆದವನು ಆ ಹೊತ್ತಿನಲ್ಲಿ ಎಲ್ಲಿ ನಿಂತಿದ್ದ? ಯಾರ ಸಂಬಳ ಉಣ್ಣುತ್ತಿದ್ದ? ಎಷ್ಟು ವರ್ಷ ಕಳೆದು ಬರೆದ? ಗ್ರಾಂಟ್ ಡಫ್‌ಗೆ ಉತ್ತರ ಸುಲಭ: ಎಲ್ಫಿನ್‌ಸ್ಟನ್ ಕಡೆ ನಿಂತಿದ್ದ, ಕಂಪನಿಯ ಸಂಬಳ, ಪುಸ್ತಕ ಬಂದದ್ದು ಒಂಬತ್ತು ವರ್ಷದ ಮೇಲೆ. ನಡುವೆ ಸಾತಾರಾದಲ್ಲಿ ಕಂಪನಿಯ ರೆಸಿಡೆಂಟ್ ಆಗಿಯೂ ಇದ್ದ. ಹಾಗಂತ ಅವನು ಬರೆದದ್ದು ಸುಳ್ಳು ಅಂತಲ್ಲ. ಬಾಪು ಗೋಖಲೆಯ ಡೇರೆಯೊಳಗೆ ಏನು ಮಾತಾಯಿತು ಅಂತ ಅವನನ್ನು ಕೇಳಬಾರದು, ಅಷ್ಟೇ.

ಇನ್ನು ಅಂಕಿಗಳು. ಖಡ್ಕಿಯಲ್ಲಿ ಕಂಪನಿ ಕಡೆ ಸತ್ತವರು, ಗಾಯಗೊಂಡವರು ಸೇರಿ 86. ಮರಾಠರ ಕಡೆ 500. ಈ ಎರಡು ಅಂಕಿ ಪಕ್ಕ ಪಕ್ಕ ಇಟ್ಟು ನೋಡಿ. ಸ್ಟೋರ್ಸ್‌ನಲ್ಲಿ ಕೆಲಸ ಮಾಡಿದ ಯಾರಿಗೇ ತೋರಿಸಿದರೂ ಹೇಳುತ್ತಾರೆ: 86 ಎಣಿಸಿದ್ದು, 500 ಅಂದಾಜು. ತನ್ನ ಕಡೆಯವರ ಹಾಜರಿ ಪುಸ್ತಕ ಕೈಯಲ್ಲಿದೆ, ಎದುರಾಳಿಯದು ಇಲ್ಲ. ಯುದ್ಧದ ಪುಸ್ತಕದಲ್ಲಿ ಸೊನ್ನೆ ಜಾಸ್ತಿ ಇರುವ ಅಂಕಿ ಕಂಡರೆ ಎಣಿಸಿದವರು ಯಾರು ಅಂತ ಕೇಳಿ. ಇನ್ನೊಂದು ಎಚ್ಚರ: ಸೈನ್ಯದ ಲೆಕ್ಕದಲ್ಲಿ ನಷ್ಟ ಅಂದರೆ ಬರೀ ಸತ್ತವರಲ್ಲ. 1803ರ ಅಸ್ಸಾಯೆ ಕಾಳಗದಲ್ಲಿ ಬ್ರಿಟಿಷರ ನಷ್ಟ 1,584. ಅದರಲ್ಲಿ ಸತ್ತವರು 428, ಮಿಕ್ಕವರಲ್ಲಿ ಹೆಚ್ಚಿನವರು ಗಾಯಾಳುಗಳು, ಕೆಲವರು ಕಾಣೆಯಾದವರು. ಅವಸರದಲ್ಲಿ ಬರೆಯುವವರು ಅಷ್ಟೂ ಜನರನ್ನು ಸಾಯಿಸಿಬಿಡುತ್ತಾರೆ.

ಅಸ್ಸಾಯೆ ಅಂದಾಗ ನಕಾಶೆಯ ಮಾತು ಹೇಳಲೇಬೇಕು. ಅದು ಜಾಲ್ನಾ ಜಿಲ್ಲೆಯ ಹಳ್ಳಿ. 1803ರ ಸೆಪ್ಟೆಂಬರ್ 23ರಂದು ಬ್ರಿಟಿಷ್ ಸೇನಾಪತಿ ಆರ್ಥರ್ ವೆಲ್ಲೆಸ್ಲಿ ಅಲ್ಲಿಗೆ ಬಂದಾಗ ಎದುರಿಗೆ ಮರಾಠಾ ಸರದಾರರಾದ ಶಿಂಧೆ ಮತ್ತು ನಾಗಪುರದ ಭೋಸಲೆಯ ದೊಡ್ಡ ಸೈನ್ಯ, ನಡುವೆ ಕೈಲ್ನಾ ನದಿ. ಇವನ ಹತ್ತಿರ ಇದ್ದ ಜನ ಕಡಿಮೆ. ಹತ್ತಿರದಲ್ಲಿ ನದಿ ದಾಟುವ ಜಾಗ ಇಲ್ಲ ಅಂತ ದಾರಿ ತೋರಿಸುವವರು ಹೇಳಿದರು. ಇವನಿಗೆ ದೂರದಲ್ಲಿ ಎರಡು ಹಳ್ಳಿ ಕಂಡವು: ಈ ದಡದಲ್ಲಿ ಪಿಂಪಳಗಾಂವ್, ಆ ದಡದಲ್ಲಿ ವರೂರ್. ಎದುರುಬದುರು ಎರಡು ಊರಿದ್ದ ಮೇಲೆ ಜನ ಹೇಗೂ ದಾಟುತ್ತಿರಬೇಕು, ಅಲ್ವಾ? ಆಳು ಕಳಿಸಿ ನೋಡಿಸಿದ, ದಾಟುವ ಜಾಗ ಇತ್ತು. ಸೈನ್ಯ ಅಲ್ಲಿಂದಲೇ ದಾಟಿ ಶಿಂಧೆಯ ಪಡೆಯ ಪಕ್ಕಕ್ಕೆ ಬಂತು.

ಹೊಲದ ಕಡೆ ಬೆಳೆದ ಯಾರಿಗಾದರೂ ಹೊಳೆಯುವ ಮಾತು ಇದು. ಹೊಳೆಯ ಆ ಕಡೆ ಈ ಕಡೆ ಬೀಗರಿರುತ್ತಾರೆ, ಸಂತೆ ಇರುತ್ತದೆ. ಆದರೆ ಪುಸ್ತಕದ ಸಾಲಿನಲ್ಲಿ ಓದಿದರೆ ಇದು ಒಂದು ವಾಕ್ಯ. ನಕಾಶೆ ಮುಂದಿಟ್ಟುಕೊಂಡು ಓದಿದರೆ ಇಡೀ ಕಾಳಗ ಇಲ್ಲೇ ತಿರುಗಿತು ಅಂತ ಕಾಣಿಸುತ್ತದೆ. ಹಾಗಾಗಿ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಫೋನು. ಉಪಗ್ರಹ ಚಿತ್ರ ಹಾಕಿ ನದಿ ಮೊದಲು ಹುಡುಕಿ, ಆಮೇಲೆ ಗುಡ್ಡ, ಆಮೇಲೆ ಊರು. ಅಣೆಕಟ್ಟು, ಹೆದ್ದಾರಿ ಬಂದು ಕೆಲವು ಕಡೆ ಜಾಗದ ಗುರುತು ಸಿಗದು. ಆಗ ಪುಸ್ತಕದ ನಕಾಶೆಯೇ ಗತಿ. ನಕಾಶೆಯೇ ಇಲ್ಲದ ಯುದ್ಧದ ಪುಸ್ತಕಕ್ಕೆ ದುಡ್ಡು ಹಾಕಬೇಡಿ. ಲೈಬ್ರರಿಯಿಂದ ತಂದು ಓದಿ ಸಾಕು.

ಈಗ ನನಗೆ ತೀರಾ ಪ್ರೀತಿಯ ವಿಷಯ, ಎತ್ತು.

ಅದೇ 1803ರಲ್ಲಿ ವೆಲ್ಲೆಸ್ಲಿ ಪುಣೆಗೆ ಬಂದದ್ದು ನಮ್ಮ ಮೈಸೂರು ಕಡೆಯಿಂದ. ಇನ್ನೊಬ್ಬ ಮರಾಠಾ ಸರದಾರ ಹೋಳ್ಕರನಿಗೆ ಸೋತು ಓಡಿದ್ದ ಬಾಜಿರಾಯನನ್ನು ಮತ್ತೆ ಗದ್ದುಗೆಗೆ ಕೂರಿಸಲು. ಪುಣೆಗೆ ಬೆಂಕಿ ಹಚ್ಚುತ್ತಾರಂತೆ ಅನ್ನುವ ಸುದ್ದಿ ಬಂದಾಗ ಕುದುರೆ ಪಡೆ ಕಟ್ಟಿಕೊಂಡು ಕೊನೆಯ ಹಾದಿಯನ್ನು ಒಂದೇ ಓಟದಲ್ಲಿ ಮುಗಿಸಿ ಏಪ್ರಿಲ್ 20ಕ್ಕೆ ಊರು ಸೇರಿದ. ಶಾಲೆಯಲ್ಲಿ ಕಲಿಸುವುದು ಇಷ್ಟೇ. ಅವನ ಪತ್ರಗಳ ಸಂಪುಟ ತೆರೆದರೆ ಬೇರೆಯೇ ಮನುಷ್ಯ ಕಾಣುತ್ತಾನೆ. ಪುಟ ಪುಟಕ್ಕೂ ಅಕ್ಕಿ, ಎತ್ತು, ಮೇವು, ಹೊಳೆ ದಾಟಲು ದೋಣಿ, ಮತ್ತೆ ಎತ್ತು. ಕಾಳಗದ ವರ್ಣನೆಗಿಂತ ಇವೇ ಜಾಸ್ತಿ.

ಅವನಿಗೆ ಎತ್ತಿನ ಬೆಲೆ ತಿಳಿದದ್ದು ಶ್ರೀರಂಗಪಟ್ಟಣದಲ್ಲಿ. ಚಿಕ್ಕದೇವರಾಜ ಒಡೆಯರ ಕಾಲದ, ದನ ಸಾಕುವ 'ಬೆಣ್ಣೆ ಚಾವಡಿ'ಯನ್ನು ಟಿಪ್ಪು 'ಅಮೃತ ಮಹಲ್' ಮಾಡಿ ಬೆಳೆಸಿದ್ದ. ಹೈದರ್, ಟಿಪ್ಪು ಇಬ್ಬರ ತೋಪುಗಳೂ ಅಷ್ಟು ವೇಗವಾಗಿ ಓಡಾಡಿದ್ದರ ಹಿಂದೆ ಈ ತಳಿ ಇತ್ತು. 1799ರಲ್ಲಿ ಪಟ್ಟಣ ಬಿದ್ದಾಗ ಖಜಾನೆಯ ಜೊತೆ ಈ ದನಗಳೂ ಬ್ರಿಟಿಷರ ಕೈಗೆ ಹೋದವು. ಹಾಸನ, ಚಿಕ್ಕಮಗಳೂರು ಕಡೆಯ ಓದುಗರಿಗೆ ಆ ದನಗಳು ಮೇಯುವ ಅಮೃತ ಮಹಲ್ ಕಾವಲು ಗೊತ್ತು. ಮರಾಠರ ರಾಜ್ಯ ಮುರಿದ ದಂಡಿನ ಸಾಮಾನು ಎಳೆದವುಗಳಲ್ಲಿ ಆ ಕಾವಲಿನ ಎತ್ತುಗಳೂ ಇದ್ದವು ಅಂತ ಎಷ್ಟು ಜನಕ್ಕೆ ಗೊತ್ತು?

ನೀವೇ ಒಂದು ಲೆಕ್ಕ ಹಾಕಿ ನೋಡಿ. ಹತ್ತು ಸಾವಿರ ಜನ, ತಲೆಗೆ ದಿನಕ್ಕೆ ಒಂದು ಕಿಲೋ ಕಾಳು ಅಂತಿಟ್ಟುಕೊಳ್ಳಿ. ದಿನಕ್ಕೆ ಹತ್ತು ಟನ್. ಒಂದು ಎತ್ತಿನ ಬೆನ್ನಿಗೆ ನೂರು ಕಿಲೋ ಹೇರಿದರೆ ಒಂದು ದಿನದ ಊಟಕ್ಕೆ ನೂರು ಎತ್ತು. ಹತ್ತು ದಿನದ ದಾರಿಗೆ ಸಾವಿರ. ಎತ್ತಿಗೂ ಮೇವು ಬೇಕು. ಮದ್ದುಗುಂಡು, ಡೇರೆ ಬೇರೆ. ಸಿಪಾಯಿಗಳ ಜೊತೆ ಹೆಂಡತಿ ಮಕ್ಕಳು, ಅಗಸರು, ಕಮ್ಮಾರರು, ಅಂಗಡಿಯವರು. ಇಂಥ ಒಂದು ಚೀಟಿ ಪಕ್ಕದಲ್ಲಿದ್ದರೆ 'ಸೈನ್ಯ ಮುಂದೆ ಸಾಗಿತು' ಅನ್ನುವ ಸಾಲನ್ನು ಸುಮ್ನೆ ದಾಟಿ ಹೋಗಲಾಗುವುದಿಲ್ಲ.

ಇಷ್ಟನ್ನೂ ಹೊತ್ತು ತಂದವರು ಯಾರು? ಬಹಳಷ್ಟು ಕಡೆ ಲಂಬಾಣಿಗರು. ಮೊಘಲರಿಗೂ ಇವರೇ, ಮರಾಠರಿಗೂ ಇವರೇ, ಕಂಪನಿಗೂ ಇವರೇ. ಸಾವಿರಾರು ಎತ್ತಿನ ತಾಂಡಾ ಕಟ್ಟಿಕೊಂಡು ಕಾಳು ಮಾರುತ್ತಾ ಸೈನ್ಯದ ಹಿಂದೆ ಬರುತ್ತಿದ್ದರು. ಬ್ರಿಟಿಷ್ ಪುಸ್ತಕಗಳಲ್ಲಿ ಇವರ ಹೆಸರು 'ಬ್ರಿಂಜಾರಿ' ಅಂತ ಇರುತ್ತದೆ. ಹಿಂದಿನ ಪದಸೂಚಿಯಲ್ಲಿ ಹುಡುಕಿ, ಆ ಪುಟಗಳನ್ನು ಬಿಡದೆ ಓದಿ. ವಿಜಯಪುರದ ತಾಂಡಾದಿಂದ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದವರು ನಮ್ಮ ರಸ್ತೆಯಲ್ಲೇ ಇದ್ದಾರೆ. ಅವರ ಹಿರಿಯರಿಲ್ಲದೆ ದಖ್ಖನಿನಲ್ಲಿ ಯಾವ ಸೈನ್ಯವೂ ಹೆಚ್ಚು ದಿನ ನಿಲ್ಲುತ್ತಿರಲಿಲ್ಲ ಅಂತ ಯಾವ ಪಠ್ಯಪುಸ್ತಕವೂ ಅವರ ಮಕ್ಕಳಿಗೆ ಹೇಳಿದ್ದು ನಾನು ನೋಡಿಲ್ಲ.

ಕಾಳು ನಿಂತರೆ ಏನಾಗುತ್ತದೆ ಅಂತ ನೋಡಲು ಪಾಣಿಪತ್ ಇದೆ. 1761ರ ಜನವರಿ 14, ಮರಾಠರಿಗೂ ಅಫ್ಘನ್ ದೊರೆ ಅಬ್ದಾಲಿಗೂ ನಡೆದ ಕಾಳಗ. ಪುಣೆಯಲ್ಲಿ ಆ ಬಗ್ಗೆ ಪುಸ್ತಕಕ್ಕೆ ಬರವಿಲ್ಲ. ಆದರೆ ಮುಕ್ಕಾಲು ಪಾಲು ಪುಸ್ತಕಗಳು ಕೊನೆಯ ದಿನದ ಮೇಲೇ ಬೀಳುತ್ತವೆ. ಅದಕ್ಕೂ ಹಿಂದಿನ ಎರಡು ತಿಂಗಳು ಓದಿ. ಮರಾಠರ ಸೇನಾಪತಿ ಸದಾಶಿವರಾವ್ ಭಾವುವಿನ ದಂಡು ಪಾಣಿಪತ್‌ನಲ್ಲಿ ಕಂದಕ ತೋಡಿಕೊಂಡು ಕೂತಿದೆ, ಜೊತೆಗೆ ಯಾತ್ರೆಗೆ ಬಂದ ಜನ. ಕಾಳು ಕಳಿಸುತ್ತಿದ್ದ ಗೋವಿಂದಪಂತ ಬುಂದೇಲೆ ಡಿಸೆಂಬರಿನಲ್ಲಿ ಸತ್ತ. ಅಲ್ಲಿಂದ ಮುಂದೆ ಎಲ್ಲ ಹಸಿವಿನ ಕತೆ. ಕಾಶಿರಾಜ ಪಂಡಿತ ಬರೆದದ್ದನ್ನು ಓದಿದರೆ, ಊಟ ಕಂಡು ಎರಡು ದಿನ ಆಯಿತು, ಹಸಿದು ಸಾಯುವ ಬದಲು ಹೋರಾಡಿಯೇ ಸಾಯೋಣ ಅಂತ ಸರದಾರರು ಭಾವುವಿಗೆ ಹೇಳುವ ಮಾತು ಬರುತ್ತದೆ. ಈ ಕಾಶಿರಾಜ ಇದ್ದದ್ದು ಅಬ್ದಾಲಿ ಕಡೆ, ಅವನ ಜೊತೆ ಸೇರಿದ್ದ ಅವಧ್ ನವಾಬ ಶುಜಾ ಉದ್ ದೌಲನ ನೌಕರಿಯಲ್ಲಿ. ಮೊದಲ ಹಾಳೆಯ ಮೂರು ಪ್ರಶ್ನೆ ಇಲ್ಲಿ ಇನ್ನೂ ಚೆನ್ನಾಗಿ ಕೆಲಸಕ್ಕೆ ಬರುತ್ತವೆ. ಮರಾಠಿ ಓದಲು ಬಂದರೆ ಶೇಜವಲ್ಕರ್ ಅವರ ಪಾಣಿಪತ್ ಹಿಡಿಯಿರಿ. ಅವರು ಇಲ್ಲಿನ ಡೆಕ್ಕನ್ ಕಾಲೇಜಿನಲ್ಲಿದ್ದವರು, 1946ರಲ್ಲಿ ಮೊದಲು ಇಂಗ್ಲಿಷಿನಲ್ಲಿ ಬರೆದರು.

ಪುಣೆ ಹತ್ತಿರದ ಭೀಮಾ ಕೋರೆಗಾಂವ್ ಬಗ್ಗೆಯೂ ಕೇಳುತ್ತೀರಿ, ಗೊತ್ತು. ಪೇಶ್ವೆಯ ಸೈನ್ಯದ ಜೊತೆ ನಡೆದ 1818ರ ಜನವರಿ 1ರ ಕಾಳಗಕ್ಕೆ ಕಂಪನಿ ತನ್ನ ಹೆಮ್ಮೆಗೆ ಅಂತ ಕಂಬ ನಿಲ್ಲಿಸಿತು. 1927ರಲ್ಲಿ ಅಂಬೇಡ್ಕರ್ ಅಲ್ಲಿಗೆ ಹೋದರು. ಅದರಲ್ಲಿ ಹೆಸರು ಕೊರೆದಿರುವ ಮಹಾರ್ ಸಿಪಾಯಿಗಳಿಂದಾಗಿ ಆ ಕಂಬಕ್ಕೆ ಬೇರೆಯೇ ಅರ್ಥ ಬಂತು. ಪ್ರತಿ ಜನವರಿ 1ಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಆ ದಿನದ ಕಾಳಗ, ಆಮೇಲಿನ ಕಂಬ, ಎರಡನ್ನೂ ಹೇಳುವ ಪುಸ್ತಕ ಬೇಕು. ಒಂದನ್ನೇ ಹೇಳಿ ಜಗಳಕ್ಕೆ ನಿಂತಿರುವ ಪುಸ್ತಕಗಳು ಮೊದಲ ಓದಿಗೆ ಬೇಡ.

ಹಳೆಯ ಕಾಲ ಸಾಕು, ಹತ್ತಿರದ್ದು ಬೇಕು ಅನ್ನುವವರಿಗೆ 1962ರ ಚೀನಾ ಯುದ್ಧ. ಇಲ್ಲಿ ಕನ್ನಡ ಓದುಗರಿಗೆ ಅನುಕೂಲ ಇದೆ. ಬ್ರಿಗೇಡಿಯರ್ ಜಾನ್ ದಳ್ವಿ 1969ರಲ್ಲಿ ಬರೆದ 'ಹಿಮಾಲಯನ್ ಬ್ಲಂಡರ್' ಪುಸ್ತಕವನ್ನು ರವಿ ಬೆಳಗೆರೆ ಕನ್ನಡಕ್ಕೆ ತಂದರು. ಅದನ್ನು ಓದಿದವರು ನಮ್ಮಲ್ಲಿ ಬಹಳ ಜನ. ಓದಿ ಸಿಟ್ಟಿಗೆದ್ದು ಅಲ್ಲಿಗೇ ನಿಲ್ಲಿಸಿದವರೂ ಬಹಳ ಜನ. ನಿಲ್ಲಿಸಬೇಡಿ. ದಳ್ವಿಯವರ ಬ್ರಿಗೇಡ್ ನಿಂತಿದ್ದ, ಚೀನಾ ಗಡಿಯ ನಮ್ಕಾ ಚೂ ಕಣಿವೆಯ ಬಗ್ಗೆ ದಳ್ವಿಗಿಂತ ಮೊದಲು, 1967ರಲ್ಲಿ, ಅವರ ಮೇಲಧಿಕಾರಿ ಜನರಲ್ ಬಿ.ಎಂ. ಕೌಲ್ ತನ್ನ ಕತೆ ಬರೆದಿದ್ದ. 1970ರಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಅನ್ನುವ ಪತ್ರಕರ್ತ ಹೊರಗಿನವನಾಗಿ ಇನ್ನೊಂದು ಬರೆದ. ಅವನು ತಪ್ಪನ್ನು ಬಹುಪಾಲು ಭಾರತದ ತಲೆಗೇ ಕಟ್ಟಿದ. ಮೂವರೂ ಒಂದೇ ಅಕ್ಟೋಬರಿನ ಬಗ್ಗೆ ಬರೆದಿದ್ದಾರೆ.

ಮೂರನ್ನೂ ಪೂರ್ತಿ ಓದುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ. ಅಕ್ಟೋಬರ್ ಮೊದಲಿಂದ 20ರ ತನಕದ ಪುಟಗಳನ್ನಷ್ಟೇ ಪಕ್ಕ ಪಕ್ಕ ಇಟ್ಟುಕೊಳ್ಳಿ. ಕೌಲ್ ಕಾಯಿಲೆ ಬಿದ್ದು ದೆಹಲಿಗೆ ಹೋಗಿ, ಹಾಸಿಗೆಯಿಂದಲೇ ಆದೇಶ ಕೊಟ್ಟದ್ದನ್ನು ಮೂವರೂ ಹೇಗೆ ಹೇಳುತ್ತಾರೆ ನೋಡಿ. ಆಮೇಲೆ ನನ್ನ ಪ್ರಕಾರ ಇಡೀ ದಳ್ವಿ ಪುಸ್ತಕದ ಜೀವ ಇರುವ ಜಾಗಕ್ಕೆ ಬನ್ನಿ: ಅಲ್ಲೇ ಹತ್ತಿರದ ತ್ಸಾಂಗ್‌ಧರ್‌ನಲ್ಲಿ ವಿಮಾನದಿಂದ ಸಾಮಾನು ಇಳಿಸುವ ಭಾಗ. ಮೇಲಿಂದ ಬಿದ್ದ ಗಂಟುಗಳು ಇಳಿಜಾರಿನಲ್ಲಿ ಉರುಳಿ ಕಣಿವೆ ಪಾಲಾಗುತ್ತವೆ. ದೆಹಲಿಯ ಕಾಗದದಲ್ಲಿ ಮಾಲು ಕಳಿಸಿ ಆಗಿದೆ. ಇಲ್ಲಿ ಜವಾನರು ಆ ಎತ್ತರದಲ್ಲಿ ಹತ್ತಿ ಬಟ್ಟೆಯಲ್ಲಿ ನಿಂತಿದ್ದಾರೆ. ವೋಚರಿನಲ್ಲಿ ಇರುವುದು ಬಿನ್ನಿನಲ್ಲಿ ಇಲ್ಲದಿದ್ದರೆ ನಮ್ಮ ಸ್ಟೋರ್ಸ್‌ನಲ್ಲಿ ಮೆಮೋ ಕೊಡುತ್ತಿದ್ದರು. ಅಲ್ಲಿ ಜನ ಸತ್ತರು.

ದಳ್ವಿಗೂ ಮೂರು ಪ್ರಶ್ನೆ ಕೇಳಿ. ಅಕ್ಟೋಬರ್ 20ಕ್ಕೆ ಚೀನೀಯರ ದಾಳಿ, 22ಕ್ಕೆ ಇವರು ಸೆರೆ. ಬಿಡುಗಡೆ 1963ರ ಮೇ ತಿಂಗಳಲ್ಲಿ. ಆಮೇಲೆ ಸೇಲಾ, ಬೊಮ್ಡಿಲಾದ ನಮ್ಮ ನೆಲೆಗಳು ಬಿದ್ದಾಗ ಅವರು ಚೀನೀಯರ ಕೈದಿ. ಆ ಭಾಗದಲ್ಲಿ ಅವರು ಬೇರೆಯವರ ಬಾಯಿಂದ ಕೇಳಿದ್ದನ್ನು ಬರೆದಿದ್ದಾರೆ, ತಮ್ಮ ಬ್ರಿಗೇಡಿನ ಭಾಗದಲ್ಲಿ ಕಂಡದ್ದನ್ನು. ಎರಡಕ್ಕೂ ಒಂದೇ ತೂಕ ಕೊಡಬಾರದು.

ಈ ಪುಸ್ತಕಗಳಲ್ಲಿ ಬರುವ ಕೆಲವು ಅಳತೆ ತಲೆಯಲ್ಲಿರಲಿ. ಪ್ಲಟೂನ್ ಅಂದರೆ ಮೂವತ್ತು ಚಿಲ್ಲರೆ ಜನ, ಕಂಪನಿ ನೂರು ಚಿಲ್ಲರೆ, ಬೆಟಾಲಿಯನ್ ಸುಮಾರು 800. ಮೂರು ಬೆಟಾಲಿಯನ್‌ಗೆ ಒಂದು ಬ್ರಿಗೇಡ್, ಮೂರು ಬ್ರಿಗೇಡ್‌ಗೆ ಒಂದು ಡಿವಿಜನ್. ಇದು ಕಾಗದದ ಲೆಕ್ಕ. ರಜೆ, ಕಾಯಿಲೆ, ಬೇರೆ ಕಡೆ ಕಳಿಸಿದ್ದು ಅಂತ ನಿಜವಾದ ಸಂಖ್ಯೆ ಯಾವಾಗಲೂ ಕಡಿಮೆ.

ಎದುರಾಳಿಯ ಪುಸ್ತಕ ಯಾಕೆ ಓದಬೇಕು ಅನ್ನುವವರಿಗೆ ಕೊಡಗಿನ ಅಜ್ಜಮಾಡ ಬಿ. ದೇವಯ್ಯ ಅವರ ಕತೆ ಹೇಳುತ್ತೇನೆ. 1965ರ ಸೆಪ್ಟೆಂಬರ್ 7ರಂದು ನಮ್ಮ ಮಿಸ್ಟೀರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿ ಮಾಡಿದವು. ಸ್ಕ್ವಾಡ್ರನ್ ಲೀಡರ್ ದೇವಯ್ಯ ವಾಪಸ್ ಬರಲಿಲ್ಲ. ಏನಾಯಿತು ಅಂತ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಆ ಯುದ್ಧದ ಬಗ್ಗೆ ಪಾಕಿಸ್ತಾನದ ವಾಯುಪಡೆಯ ನೆರವಿನಿಂದ ಪುಸ್ತಕ ಬರೆದ. ಒಂದು ಮಿಸ್ಟೀರ್ ತಿರುಗಿ ನಿಂತು, ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದು ಬೀಳಿಸಿತು ಅನ್ನುವುದು ಅದರಲ್ಲಿ ಬಂತು. ಇಲ್ಲಿಯವರು ಕಡ್ಡಿಗೆ ಕಡ್ಡಿ ಜೋಡಿಸಿ ನೋಡಿದರು, ಅದು ದೇವಯ್ಯ. 1988ರಲ್ಲಿ ಮಹಾವೀರ ಚಕ್ರ ಕೊಟ್ಟರು. ನಮ್ಮ ದಾಖಲೆಯಲ್ಲಿ ಬರೀ 'ಕಾಣೆಯಾದವರು' ಅಂತಿದ್ದ ಮನುಷ್ಯನ ಶೌರ್ಯ ಎದುರಾಳಿಯ ಕಡೆಯ ಪುಸ್ತಕದಲ್ಲಿ ಸಿಕ್ಕಿತು.

ಪುಣೆಯಲ್ಲಿ ಪುಸ್ತಕ ಹುಡುಕುವುದಾದರೆ ಮರಾಠಿಗೆ ಅಪ್ಪಾ ಬಲವಂತ ಚೌಕ. ಸದಾಶಿವ ಪೇಠೆಯಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳ ಇದೆ, ಇತಿಹಾಸಕಾರ ರಾಜವಾಡೆಯವರು 1910ರಲ್ಲಿ ಕಟ್ಟಿದ್ದು. ಪೇಶ್ವೆ ದಫ್ತರಿನಿಂದ, ಅಂದರೆ ಪೇಶ್ವೆಗಳ ಸರ್ಕಾರಿ ಕಡತಗಳಿಂದ, ಇತಿಹಾಸಕಾರ ಸರದೇಸಾಯಿ ಆರಿಸಿ ಅಚ್ಚು ಹಾಕಿಸಿದ ಕಾಗದಗಳೇ 45 ಸಂಪುಟ ಇವೆ. ಹೆದರಬೇಡಿ, ಅದನ್ನು ಯಾರೂ ಮೊದಲಿಂದ ಕೊನೆತನಕ ಓದುವುದಿಲ್ಲ. ಬೇಕಾದ ತಿಂಗಳು ಹುಡುಕಿ ಓದುತ್ತಾರೆ. ಹಿಂದೆ ಮರಾಠಿ ಕಾಗದ ಬರೆಯುತ್ತಿದ್ದ ಮೋಡಿ ಲಿಪಿ ಕಲಿಸುವ ತರಗತಿಗಳೂ ಊರಲ್ಲಿ ನಡೆಯುತ್ತವೆ. ಕರ್ನಾಟಕದಲ್ಲೂ ಎಷ್ಟೋ ಹಳೆ ಕಾಗದ ಮೋಡಿಯಲ್ಲೇ ಇರುವುದರಿಂದ ಕಲಿತದ್ದು ದಂಡವಾಗದು. ಓದಿ ಸಾಕಾದ ದಿನ ಘೋರ್ಪಡಿಯ ಯುದ್ಧ ಸ್ಮಾರಕಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಮಿಗ್ ವಿಮಾನ ಹತ್ತಿರದಿಂದ ನೋಡಬಹುದು.

ರೆಜಿಮೆಂಟುಗಳು ತಾವೇ ಬರೆಸಿಕೊಂಡ ಇತಿಹಾಸಗಳು ದಪ್ಪ ಇರುತ್ತವೆ. ಮುಕ್ಕಾಲು ಭಾಗ ಕಮಾಂಡರುಗಳ ಹೆಸರು, ಪೋಲೋ ಪಂದ್ಯ. ಅವನ್ನು ಹಿಂದಿನಿಂದ ಓದಿ. ಅನುಬಂಧದಲ್ಲಿ ರೇಷನ್ನಿನ ಪಟ್ಟಿ, ಸಾರಿಗೆಯ ಪಟ್ಟಿ ಸಿಕ್ಕರೆ ಪುಸ್ತಕ ಒಳ್ಳೆಯದು.

ಕರ್ನಾಟಕದವರ ಕತೆಯಿಂದಲೇ ಶುರು ಮಾಡುತ್ತೇನೆ ಅನ್ನುವವರು ಕಾಶ್ಮೀರ ಯುದ್ಧದಲ್ಲಿ ಜನರಲ್ ತಿಮ್ಮಯ್ಯನವರ ಜೋಜಿಲಾ ಕಾಳಗ ಹುಡುಕಿ. 1948ರ ನವೆಂಬರ್ 1ರಂದು ಅಷ್ಟು ಎತ್ತರದ ಕಣಿವೆಗೆ ಅವರು ಸ್ಟುವರ್ಟ್ ಟ್ಯಾಂಕು ಹತ್ತಿಸಿದ್ದನ್ನು ಎಲ್ಲರೂ ಬರೆಯುತ್ತಾರೆ. ಟ್ಯಾಂಕು ಹತ್ತಲು ದಾರಿ ಬೇಕಲ್ಲ? ಕುದುರೆಯ ಜಾಡಿನಷ್ಟು ಇದ್ದ ಹಾದಿಯನ್ನು ಟ್ಯಾಂಕು ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನ ಹಲಸೂರು ಕೆರೆ ಪಕ್ಕದವರು. ಜೋಜಿಲಾ ಬಗ್ಗೆ ಪುಸ್ತಕ ಕೊಳ್ಳುವ ಮುನ್ನ ಅಂಗಡಿಯಲ್ಲೇ ನಿಂತು ಹಿಂದಿನ ಪದಸೂಚಿ ತೆರೆಯಿರಿ. ಟ್ಯಾಂಕಿಗೆ ಹತ್ತು ಪುಟ ಇದ್ದು ಸ್ಯಾಪರ್ಸ್‌ಗೆ ಒಂದೂ ಇಲ್ಲದಿದ್ದರೆ ವಾಪಸ್ ಇಟ್ಟು ಬನ್ನಿ.